ಹಗುರ ಕೋವಿಯ ಒದೆತದ ಲೆಕ್ಕ

ಕೊಲರಾಡೊದ ಸ್ಯಾನ್ ವಾನ್ ಬೆಟ್ಟಸಾಲಿಗೆ ಎಲ್ಕ್ ಬೇಟೆಗೆಂದು ಹೊರಡುವವರ ಬೆನ್ನುಚೀಲ ಬಿಚ್ಚಿಸಿದರೆ, ಹಿಡಿಯನ್ನು ಅರ್ಧಕ್ಕೆ ತುಂಡರಿಸಿದ ಹಲ್ಲುಜ್ಜುವ ಬ್ರಷ್ಷು ಸಿಗುವುದುಂಟು. ಅದರಿಂದ ಉಳಿಯುವುದು ಐದಾರು ಗ್ರಾಂ. ಡೇರೆಯ ಗೂಟ ಟೈಟಾನಿಯಂನದು, ಒಲೆ ಅಂಗೈಯಷ್ಟು, ಮಲಗುವ ಚೀಲದೊಳಗೆ ಬಾತುಕೋಳಿಯ ತುಪ್ಪಳ. ಇಷ್ಟೆಲ್ಲ ಗ್ರಾಂ ಲೆಕ್ಕ ಹಾಕಿದ ಮನುಷ್ಯನ ಹೆಗಲಿನಲ್ಲಿ ಅಪ್ಪನ ಕಾಲದ, ದುರ್ಬೀನು ಸೇರಿ ನಾಲ್ಕೂವರೆ ಕಿಲೋ ತೂಗುವ ರೈಫಲ್ಲು ನೇತಾಡುತ್ತಿದ್ದರೆ, ಒಂದಲ್ಲ ಒಂದು ದಿನ ಅವನಿಗೆ ಹಗುರ ಕೋವಿಯ ಆಸೆ ಹುಟ್ಟಿಯೇ ಹುಟ್ಟುತ್ತದೆ.

ಆಸೆಯಲ್ಲಿ ತಪ್ಪೇನಿಲ್ಲ. ಅಕ್ಟೋಬರ್ ನಡುವಿನಿಂದ ನವೆಂಬರ್‌ವರೆಗೆ ಅಲ್ಲಿ ರೈಫಲ್ ಬೇಟೆಯ ಸರದಿಗಳು ನಡೆಯುತ್ತವೆ. ಆ ಹೊತ್ತಿಗೆ ಎಲ್ಕ್‌ಗಳು ಎರಡೂವರೆ ಸಾವಿರದಿಂದ ಮೂರೂವರೆ ಸಾವಿರ ಮೀಟರ್ ಎತ್ತರದ ಕಾಡಂಚಿನಲ್ಲಿ, ಹುಲ್ಲುಬೋಳುಗಳಲ್ಲಿ ಇರುತ್ತವೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಇರುವುದೇ 1,930 ಮೀಟರಿನಲ್ಲಿ; ಅಲ್ಲಿಂದ ಇನ್ನೂ ಸಾವಿರ ಮೀಟರ್ ಮೇಲೆ, ಬೆಳಕು ಹರಿಯುವ ಮುನ್ನ, ಮಂಜುಗಟ್ಟಿದ ಇಳಿಜಾರಿನಲ್ಲಿ ಏದುಸಿರು ಬಿಡುತ್ತಾ ನಡೆಯಬೇಕು. ಚೀಲದ ಭಾರವನ್ನಾದರೂ ಸೊಂಟದ ಪಟ್ಟಿ ಹೊರುತ್ತದೆ. ಕೋವಿಯ ಭಾರ ಹಾಗಲ್ಲ, ಅದು ಒಂದೇ ಹೆಗಲಿಗೆ ಬೀಳುತ್ತದೆ, ಇಲ್ಲವೇ ಇಡೀ ದಿನ ಕೈಯಲ್ಲಿರುತ್ತದೆ. ಹಾಗಾಗಿ ಕೋವಿಯಲ್ಲಿ ಇಳಿಸಿದ ಮುಕ್ಕಾಲು ಕಿಲೋ, ಚೀಲದಲ್ಲಿ ಇಳಿಸಿದ ಒಂದೂವರೆ ಕಿಲೋಗೆ ಸಮವೆಂದು ದೇಹಕ್ಕೆ ಅನಿಸುತ್ತದೆ.

ಇನ್ನು ಪ್ರಾಣಿಯ ವಿಷಯ. ಎಲ್ಕ್ ನಮ್ಮ ಕಡವೆಯ ಹಾಗೆ ಜಿಂಕೆ ಕುಲದ್ದು. ಕಾಶ್ಮೀರದ ದಾಚಿಗಾಮ್‌ನಲ್ಲಿ ಉಳಿದಿರುವ ಹಂಗುಲ್ ಇದರ ಹತ್ತಿರದ ಬಳಗ. ಬಲಿತ ಗಂಡು ಎಲ್ಕ್ ಮುನ್ನೂರು ಕಿಲೋ ದಾಟುತ್ತದೆ, ಭುಜದ ಎತ್ತರ ಐದು ಅಡಿ. ಹೆಣ್ಣು ಇನ್ನೂರಿಪ್ಪತ್ತು ಕಿಲೋ ಆಸುಪಾಸು. ದಪ್ಪ ಚರ್ಮ, ಅಗಲವಾದ ಭುಜದ ಮೂಳೆ, ಅದರ ಹಿಂದೆ ದೊಡ್ಡ ಶ್ವಾಸಕೋಶ. ಸರಿಯಾದ ಜಾಗಕ್ಕೆ ಈಡು ಬಿದ್ದರೂ ನೂರು ಮೀಟರ್ ಓಡಿ ಬೀಳುವಷ್ಟು ಜೀವಬಲ ಅದಕ್ಕಿದೆ. ತಪ್ಪು ಜಾಗಕ್ಕೆ ಬಿದ್ದರಂತೂ ಕಣಿವೆ ದಾಟಿ ಹೋಗಿಬಿಡುತ್ತದೆ, ಸಿಗುವುದೇ ಇಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಿನಲ್ಲಿ ಬೆಳೆದ ನಮಗೆ ಇದೆಲ್ಲ ಇರಿಸುಮುರಿಸಿನ ಸಂಗತಿ. ಅಲ್ಲಿನ ವ್ಯವಸ್ಥೆಯೇ ಬೇರೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಂಗುಲಗಾಮಿಲ್ಲದ ಬೇಟೆಯಿಂದ ಒಂದು ಲಕ್ಷಕ್ಕಿಂತ ಕೆಳಗಿಳಿದಿದ್ದ ಎಲ್ಕ್ ಸಂಖ್ಯೆ ಇಂದು ಉತ್ತರ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ. ಯಾವ ಕಣಿವೆಯಲ್ಲಿ ಎಷ್ಟು, ಗಂಡೋ ಹೆಣ್ಣೋ ಎಂಬುದನ್ನು ರಾಜ್ಯದ ವನ್ಯಜೀವಿ ಇಲಾಖೆ ನಿರ್ಧರಿಸಿ ಪರವಾನಗಿ ಕೊಡುತ್ತದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ರೈಫಲ್ಲು, ತೋಟೆಗಳ ಮೇಲೆ ಹಾಕುವ ಶೇ 11ರ ತೆರಿಗೆ ವನ್ಯಜೀವಿ ಸಂರಕ್ಷಣೆಗೇ ಹೋಗುತ್ತದೆ. ಕೊಂದ ಮೇಲೆ ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಟ್ಟರೆ ಅಪರಾಧ. ಒಪ್ಪುವುದು ಬಿಡುವುದು ಬೇರೆ ಮಾತು. ಬೇಟೆಗೆ ಹೊರಟವನು ಪ್ರಾಣಿಯನ್ನು ನರಳಿಸದೆ ಕೊಲ್ಲಬೇಕೆಂಬುದರಲ್ಲಂತೂ ಎರಡು ಮಾತಿಲ್ಲ. ಹಗುರ ಕೋವಿಯ ಪ್ರಶ್ನೆ ಬಿಗಿಯಾಗುವುದು ಅಲ್ಲೇ.

ಹಗುರ ಎಂದರೆ ಎಷ್ಟು? ವಿಂಚೆಸ್ಟರ್ ಕಂಪನಿ 1952ರಲ್ಲಿ ತನ್ನ ಹೆಸರಾಂತ ಮಾಡೆಲ್ 70ಕ್ಕೆ ‘ಫೆದರ್‌ವೇಟ್’ ಎಂಬ ಅವತಾರ ಕೊಟ್ಟಾಗ ನಳಿಗೆಯನ್ನು ಸಣ್ಣಗೆ ಮಾಡಿ, ಕೆಳಭಾಗದ ಉಕ್ಕಿನ ಬದಲು ಅಲ್ಯೂಮಿನಿಯಂ ಮಿಶ್ರಲೋಹ ಹಾಕಿತ್ತು. ತೂಕ ಮೂರು ಕಿಲೋ ಆಸುಪಾಸಿಗೆ ಇಳಿಯಿತು. ಆ ಕಾಲಕ್ಕೆ ಅದೇ ಗರಿ. 1980ರ ದಶಕದಲ್ಲಿ ಪಶ್ಚಿಮ ವರ್ಜೀನಿಯಾದ ಮೆಲ್ವಿನ್ ಫೋರ್ಬ್ಸ್ ಎಂಬ ಕುಶಲಕರ್ಮಿ ಮೂಲಕ್ಕೇ ಕೈ ಹಾಕಿದ. ತೋಟೆ ಇಷ್ಟೇ ಉದ್ದ ಇರುವಾಗ ಅದನ್ನು ಕೂರಿಸುವ ಉಕ್ಕಿನ ಕೋಶ ಅಷ್ಟು ದಪ್ಪ ಯಾಕಿರಬೇಕು ಎಂದು ಕೇಳಿಕೊಂಡು, ತೋಟೆಯ ಅಳತೆಗೆ ಸರಿಯಾಗಿ ಅದನ್ನು ಕಡೆದ. ಮರದ ಹಿಡಿಯ ಬದಲು ಕೆವ್ಲಾರ್ ಮತ್ತು ಗ್ರಾಫೈಟ್ ನಾರಿನ ಹಿಡಿ ಜೋಡಿಸಿದ. ಆ ರೈಫಲ್ಲು ಸುಮಾರು ಐದು ಪೌಂಡ್, ಅಂದರೆ ಎರಡೂಕಾಲು ಕಿಲೋ ತೂಗುತ್ತಿತ್ತು. ಇಂದು ಕಿಂಬರ್ ಕಂಪನಿಯ ಬೆಟ್ಟದ ರೈಫಲ್ಲುಗಳು ಅದೇ ತೂಕದಲ್ಲಿ ಸಿಗುತ್ತವೆ. ಫಿನ್‌ಲೆಂಡಿನ ಟಿಕ್ಕಾ ಟಿ3ಎಕ್ಸ್ ಲೈಟ್ ಮೂರು ಕಿಲೋಗಿಂತ ತುಸು ಕಡಿಮೆ, ಬೆಲೆಯಲ್ಲೂ ಹಗುರ. ಇನ್ನೂ ದುಡ್ಡಿದ್ದವರಿಗೆ ಕಾರ್ಬನ್ ನಾರು ಸುತ್ತಿದ ನಳಿಗೆ, ಟೈಟಾನಿಯಂ ಕೋಶಗಳಿವೆ.

ಆದರೆ ಅಂಗಡಿಯ ಚೀಟಿಯಲ್ಲಿರುವುದು ಬರಿ ಕೋವಿಯ ತೂಕ. ಅದರ ಮೇಲೆ ದುರ್ಬೀನು, ಅದನ್ನು ಕಚ್ಚಿ ಹಿಡಿಯುವ ಬಳೆಗಳು, ಹೆಗಲಪಟ್ಟಿ, ಒಳಗೆ ನಾಲ್ಕು ತೋಟೆ ಬರಬೇಕಲ್ಲ. ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುವ ಹಳೆ ಮಾದರಿಯ ದುರ್ಬೀನು ಮುನ್ನೂರೈವತ್ತು, ನಾನೂರು ಗ್ರಾಂನಲ್ಲಿ ಮುಗಿಯುತ್ತದೆ. ಈಗ ಎಲ್ಲರಿಗೂ ಬೇಕಾದ, ಇಪ್ಪತ್ತು ಪಟ್ಟು ಹಿಗ್ಗಿಸುವ, ದೊಡ್ಡ ತಿರುಪಿನ ದೂರಗುರಿ ದುರ್ಬೀನು ಮುಕ್ಕಾಲು ಕಿಲೋ ದಾಟುತ್ತದೆ. ಟೈಟಾನಿಯಂಗೆ ಸಾವಿರ ಡಾಲರ್ ಹೆಚ್ಚಿಗೆ ಕೊಟ್ಟು ಉಳಿಸಿದ ತೂಕವನ್ನೆಲ್ಲ ನೆತ್ತಿಯ ಮೇಲೆ ಮರಳಿ ಹೇರಿಕೊಳ್ಳುವವರನ್ನು ಕಂಡರೆ ನಗು ಬರುತ್ತದೆ.

ತೂಕ ಇಳಿದಾಗ ಏನು ಏರುತ್ತದೆ ಎಂಬುದಕ್ಕೆ ನ್ಯೂಟನ್ ಸಾಕು. ಗುಂಡು ಮತ್ತು ಸುಟ್ಟ ಮದ್ದಿನ ಅನಿಲ ಮುಂದಕ್ಕೆ ಹೋಗುವ ಆವೇಗ ಎಷ್ಟೋ, ಕೋವಿ ಹಿಂದಕ್ಕೆ ಬರುವ ಆವೇಗವೂ ಅಷ್ಟೇ. ಆವೇಗ ಒಂದೇ ಇದ್ದು ಕೋವಿ ಹಗುರಾದರೆ ವೇಗ ಹೆಚ್ಚುತ್ತದೆ, ಹೆಗಲಿಗೆ ಬಡಿಯುವ ಶಕ್ತಿಯೂ ಅದೇ ಪ್ರಮಾಣದಲ್ಲಿ ಏರುತ್ತದೆ. ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ನಿಂತವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅದೇ ಹನ್ನೆರಡು ಬೋರಿನ ತೋಟೆ ಜೋಡಿನಳಿಗೆಗಿಂತ ಒಂಟಿನಳಿಗೆಯ ಹಗುರ ಕೋವಿಯಲ್ಲಿ ಜೋರಾಗಿ ಒದೆಯುತ್ತದೆ.

ಅಂಕಿಗಳಲ್ಲಿ ನೋಡೋಣ. ಅಮೆರಿಕದ ಸೈನ್ಯಕ್ಕಾಗಿ 1906ರಲ್ಲಿ ಹುಟ್ಟಿದ .30-06 ಸ್ಪ್ರಿಂಗ್‌ಫೀಲ್ಡ್ ಎಲ್ಕ್ ಬೇಟೆಯ ಹಳೆಯ ಅಳತೆಗೋಲು. 180 ಗ್ರೇನ್, ಅಂದರೆ ಹನ್ನೊಂದೂಮುಕ್ಕಾಲು ಗ್ರಾಂ ಗುಂಡನ್ನು ಅದು ಸೆಕೆಂಡಿಗೆ 820 ಮೀಟರ್ ವೇಗದಲ್ಲಿ ತಳ್ಳುತ್ತದೆ. ಎಲ್ಲ ಸೇರಿ ನಾಲ್ಕು ಕಿಲೋ ತೂಗುವ ಕೋವಿಯಲ್ಲಿ ಇದರ ಒದೆತ ಸುಮಾರು 27 ಜೂಲ್. ಬಹುತೇಕರು ಅಭ್ಯಾಸದಿಂದ ಸಹಿಸಿಕೊಳ್ಳಬಲ್ಲ ಒದೆತ. ಅದೇ ತೋಟೆಯನ್ನು ಎಲ್ಲ ಸೇರಿ 2.7 ಕಿಲೋ ಇರುವ ಕೋವಿಗೆ ತುಂಬಿ ಹೊಡೆದರೆ 40 ಜೂಲ್. .300 ವಿಂಚೆಸ್ಟರ್ ಮ್ಯಾಗ್ನಮ್ ತೋಟೆಯನ್ನು ಅಷ್ಟೇ ಹಗುರ ಕೋವಿಯಲ್ಲಿ ಹೊಡೆದರೆ 54 ಜೂಲಿನ ಹತ್ತಿರ, ಮೊದಲಿನದರ ಎರಡರಷ್ಟು. ಇನ್ನೊಂದು ಕಡೆ, 7ಎಂಎಂ-08 ರೆಮಿಂಗ್ಟನ್ ಎಂಬ ಗಿಡ್ಡ ತೋಟೆ 140 ಗ್ರೇನ್ ಗುಂಡನ್ನು ಸೆಕೆಂಡಿಗೆ 850 ಮೀಟರ್ ವೇಗದಲ್ಲಿ ಕಳಿಸುತ್ತದೆ. 2.7 ಕಿಲೋ ಕೋವಿಯಲ್ಲಿ ಅದರ ಒದೆತ 26 ಜೂಲ್. ಹಳೆಯ ಭಾರದ .30-06 ಹೇಗೆ ಹೆಗಲಿಗೆ ತಾಗುತ್ತಿತ್ತೋ ಹಾಗೆಯೇ.

ನನ್ನ ಮಾತಿನ ತಿರುಳು ಇದೇ. ಕೋವಿಯ ತೂಕ ಬೇರೆ, ಕ್ಯಾಲಿಬರ್ ಬೇರೆ ಎಂದು ಎರಡು ಆಯ್ಕೆಗಳಿಲ್ಲ. ತೂಕವನ್ನು ಇಳಿಸುವ ತೀರ್ಮಾನ ಮಾಡಿದ ಕ್ಷಣದಲ್ಲೇ ಕ್ಯಾಲಿಬರನ್ನೂ ಒಂದು ಮೆಟ್ಟಿಲು ಇಳಿಸುವ ತೀರ್ಮಾನ ಮಾಡಿದಂತೆ. ‘ಎಲ್ಕ್ ದೊಡ್ಡದು, ಆದ್ದರಿಂದ ಮ್ಯಾಗ್ನಮ್, ಬೆಟ್ಟ ಎತ್ತರ, ಆದ್ದರಿಂದ ಹಗುರ’ ಎಂದು ಎರಡನ್ನೂ ಒಟ್ಟಿಗೆ ಕೊಂಡವರು ಪಶ್ಚಿಮದ ಪ್ರತಿ ಊರಿನ ಗುರಿಕಟ್ಟೆಯಲ್ಲೂ ಸಿಗುತ್ತಾರೆ. ಎರಡು ತೋಟೆ ಹಾರಿಸಿ, ಹೆಗಲು ಸವರಿಕೊಂಡು, ‘ಸಾಕು, ಸರಿಯಾಗಿದೆ’ ಎಂದು ಕೋವಿಯನ್ನು ಪೆಟ್ಟಿಗೆಗೆ ಸೇರಿಸುವುದನ್ನು ನೋಡಬಹುದು.

ಒದೆತದ ತೊಂದರೆ ನೋವಿನದ್ದಲ್ಲ. ನೋವಿನ ನಿರೀಕ್ಷೆಯದ್ದು. ಅದನ್ನು ಬಯಲಿಗೆಳೆಯುವ ಒಂದು ಹಳೆಯ ಪರೀಕ್ಷೆ ಇದೆ. ಹೊಡೆಯುವವನಿಗೆ ತಿಳಿಯದಂತೆ ಗೆಳೆಯನೊಬ್ಬ ಕೋವಿಗೆ ಒಮ್ಮೆ ನಿಜವಾದ ತೋಟೆ, ಒಮ್ಮೆ ಮದ್ದಿಲ್ಲದ ಹುಸಿ ತೋಟೆ ತುಂಬಿ ಕೊಡುತ್ತಾನೆ. ಹುಸಿ ತೋಟೆ ಬಂದಾಗ ಟ್ರಿಗರ್ ಒತ್ತಿದರೆ ಬರಿ ‘ಟಕ್’ ಎಂಬ ಸದ್ದು. ಗುರಿಗಾರ ನಿಶ್ಚಲವಾಗಿದ್ದರೆ ನಳಿಗೆಯ ತುದಿ ಅಲುಗುವುದಿಲ್ಲ. ಒದೆತಕ್ಕೆ ಹೆದರಿದವನ ನಳಿಗೆ ಆ ಟಕ್ ಸದ್ದಿಗೆ ಸರಿಯಾಗಿ ಕೆಳಕ್ಕೆ ಮುಗ್ಗರಿಸುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ, ಹೆಗಲು ಮುಂದಕ್ಕೆ ನೂಕುತ್ತದೆ. ನಿಜವಾದ ತೋಟೆ ಸಿಡಿದಾಗ ಇದೆಲ್ಲ ಒದೆತದ ಅಬ್ಬರದಲ್ಲಿ ಮುಚ್ಚಿಹೋಗಿರುತ್ತದೆ. ಇನ್ನೂರು ಗಜ ದೂರದಲ್ಲಿ ಆ ಮುಗ್ಗರಿಕೆ ಶ್ವಾಸಕೋಶಕ್ಕೆ ಬೀಳಬೇಕಾದ ಗುಂಡನ್ನು ಹೊಟ್ಟೆಗೋ ಕಾಲಿಗೋ ಒಯ್ಯುತ್ತದೆ. ಹೊಟ್ಟೆಗೆ ಬಿದ್ದ ಗುಂಡು .300 ಮ್ಯಾಗ್ನಮ್‌ನದಾದರೇನು, ಇನ್ನೊಂದರದಾದರೇನು?

ನಳಿಗೆಯ ತುದಿಗೆ ರಂಧ್ರಗಳಿರುವ ಬ್ರೇಕ್ ಜೋಡಿಸಿದರೆ ಒದೆತ ಗಣನೀಯವಾಗಿ ತಗ್ಗುತ್ತದೆ ನಿಜ. ಆದರೆ ಅನಿಲವನ್ನು ಪಕ್ಕಕ್ಕೆ, ಹಿಂದಕ್ಕೆ ತಿರುಗಿಸುವ ಅದರ ಸದ್ದು ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಬೇಟೆಯ ಗಡಿಬಿಡಿಯಲ್ಲಿ ಕಿವಿಗೆ ಬೆಣೆ ಹಾಕಿಕೊಳ್ಳಲು ಯಾರಿಗೆ ನೆನಪಿರುತ್ತದೆ? ಪಕ್ಕದಲ್ಲಿ ಕೂತ ಜೊತೆಗಾರನಂತೂ ಬಲಿಪಶು. ಸದ್ದಡಗಿಸುವ ಸಪ್ರೆಸರ್ ಒಳ್ಳೆಯ ಉಪಾಯ, ಪಶ್ಚಿಮದ ಹೆಚ್ಚಿನ ರಾಜ್ಯಗಳಲ್ಲಿ ಅದಕ್ಕೆ ಅವಕಾಶವೂ ಇದೆ. ಅದರದ್ದೇ ತೂಕ, ಉದ್ದ ಸೇರಿಕೊಳ್ಳುತ್ತದೆ ಎಂಬುದೊಂದೇ ತಕರಾರು.

ಹಾಗಾದರೆ ಸಣ್ಣ ತೋಟೆ ಎಲ್ಕ್‌ಗೆ ಸಾಕೇ? ಈ ಜಗಳಕ್ಕೆ ಅಮೆರಿಕದಲ್ಲಿ ಮುಕ್ಕಾಲು ಶತಮಾನದ ವಯಸ್ಸು. ಐಡಾಹೊ ರಾಜ್ಯದಲ್ಲೇ ಇದ್ದ ಇಬ್ಬರು ಬರಹಗಾರರು ಇದರ ಎರಡು ತುದಿ. ಸ್ಯಾಮನ್ ಊರಿನ ಎಲ್ಮರ್ ಕೀತ್ ದಪ್ಪ ನಳಿಗೆ, ಭಾರದ ಗುಂಡಿನ ಪಕ್ಷಪಾತಿ. ಲೂಯಿಸ್ಟನ್‌ನಲ್ಲಿ ನೆಲೆಸಿದ್ದ ಜ್ಯಾಕ್ ಓಕಾನರ್ ‘ಔಟ್‌ಡೋರ್ ಲೈಫ್’ ಪತ್ರಿಕೆಯಲ್ಲಿ 1925ರಲ್ಲಿ ಹುಟ್ಟಿದ .270 ವಿಂಚೆಸ್ಟರ್‌ನ ಗುಣಗಾನವನ್ನು ದಶಕಗಳ ಕಾಲ ಮಾಡಿದ. ಇಬ್ಬರೂ ಒಬ್ಬರನ್ನೊಬ್ಬರು ಕುಟುಕುತ್ತಲೇ ಇದ್ದರು, ಓದುಗರಿಗೆ ಅದು ಹಬ್ಬ. ಈ ಗಂಡಸರ ಗದ್ದಲದಲ್ಲಿ ಮರೆಯಾದವಳು ಓಕಾನರ್‌ನ ಹೆಂಡತಿ ಎಲಿನರ್. ಆಕೆಯ ಕೈಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು .270ಕ್ಕಿಂತಲೂ ಮೆತ್ತನೆಯ 7×57 ಮೌಸರ್. ಅಮೆರಿಕದಲ್ಲೂ ಆಫ್ರಿಕಾದಲ್ಲೂ ದೊಡ್ಡ ಪ್ರಾಣಿಗಳನ್ನು ಆಕೆ ಅದರಲ್ಲೇ ಸಲೀಸಾಗಿ ಹೊಡೆದಳು. ಈ ವಾದದಲ್ಲಿ ನನ್ನ ಮತ ಆಕೆಗೆ.

ಆ 7×57 ಕನ್ನಡದ ಓದುಗರಿಗೆ ತೀರಾ ಅಪರಿಚಿತವಲ್ಲ. ಇಂಗ್ಲೆಂಡಿನ ರಿಗ್ಬಿ ಕಂಪನಿ ಅದೇ ತೋಟೆಯನ್ನು .275 ರಿಗ್ಬಿ ಎಂದು ಕರೆಯುತ್ತಿತ್ತು. ಚಂಪಾವತದ ಹುಲಿಯನ್ನು ಕೊಂದ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಸರ್ಕಾರ ಉಡುಗೊರೆ ಕೊಟ್ಟದ್ದು ಆ ರೈಫಲ್ಲು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು 1926ರಲ್ಲಿ ಕಾರ್ಬೆಟ್ ಹೊಡೆದದ್ದೂ .275ರಲ್ಲೇ. ಅದೇ ತೇಜಸ್ವಿ ‘ಕಾಡಿನ ಕತೆಗಳು’ ಸರಣಿಯಲ್ಲಿ ತಂದ ಬೆಂಗಳೂರಿನ ಕೆನೆತ್ ಆಂಡರ್ಸನ್‌ನದು ಮಾತ್ರ .405 ವಿಂಚೆಸ್ಟರ್, ಕೀತ್ ಮೆಚ್ಚುವ ಜಾತಿ. ಚಿರತೆ ಎಲ್ಕ್ ಅಲ್ಲ, ಕಾರ್ಬೆಟ್‌ನ ದೂರಗಳೂ ಕೊಲರಾಡೊದ ದೂರಗಳಲ್ಲ. ಆದರೆ ಬೆಟ್ಟ ಹತ್ತಿ ಅಲೆಯುವ ಮನುಷ್ಯ ಯಾವ ಕೋವಿಯನ್ನು ಇಷ್ಟಪಟ್ಟು ಕೈಯಲ್ಲಿ ಹಿಡಿದ ಎಂಬುದು ಗಮನಿಸತಕ್ಕದ್ದು. 1980ರಲ್ಲಿ ಬಂದ 7ಎಂಎಂ-08 ಹೆಚ್ಚುಕಡಿಮೆ ಆ ಹಳೆಯ ತೋಟೆಯ ಕೆಲಸವನ್ನೇ ಇನ್ನೂ ಗಿಡ್ಡ ಮೈಯಲ್ಲಿ ಮಾಡುತ್ತದೆ. ತೋಟೆ ಗಿಡ್ಡವಾದರೆ ಅದನ್ನು ಕೂರಿಸುವ ಕೋಶವೂ ಗಿಡ್ಡ, ಅಷ್ಟರಮಟ್ಟಿಗೆ ಕೋವಿ ಹಗುರ.

ಕಾನೂನು ಕೇಳುವುದು ತೀರಾ ಕಡಿಮೆ. ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್, 85 ಗ್ರೇನ್ ಗುಂಡು, ನೂರು ಗಜದಲ್ಲಿ 1,000 ಅಡಿ-ಪೌಂಡ್ ಶಕ್ತಿ ಇರಬೇಕೆಂದು ಕೊಲರಾಡೊ ಹೇಳುತ್ತದೆ. ಬೇಟೆಗಾರರ ರೂಢಿ ಮಾತು ಅದಕ್ಕಿಂತ ಬಿಗಿ: ಗುಂಡು ತಾಗುವ ಹೊತ್ತಿಗೆ 1,500 ಅಡಿ-ಪೌಂಡ್ ಉಳಿದಿರಲಿ ಎನ್ನುತ್ತಾರೆ. 7ಎಂಎಂ-08 ಸುಮಾರು ಮುನ್ನೂರು ಗಜದವರೆಗೆ ಆ ಗೆರೆಯ ಆಸುಪಾಸಿನಲ್ಲೇ ಇರುತ್ತದೆ. 2007ರಲ್ಲಿ ಬಂದು ಈಗ ಎಲ್ಲರ ಬಾಯಲ್ಲಿರುವ 6.5 ಕ್ರೀಡ್‌ಮೋರ್‌ನದೂ ಹೆಚ್ಚುಕಡಿಮೆ ಅದೇ ಕಥೆ. ಶಕ್ತಿಯ ಅಂಕಿಗೆ ನಾನು ಅತಿಯಾದ ಗೌರವ ಕೊಡುವುದಿಲ್ಲ. ಅಡಿ-ಪೌಂಡು ಯಾವ ಪ್ರಾಣಿಯನ್ನೂ ಕೊಲ್ಲುವುದಿಲ್ಲ. ಶ್ವಾಸಕೋಶದ ಮೂಲಕ ಹಾದುಹೋದ ರಂಧ್ರ ಕೊಲ್ಲುತ್ತದೆ.

ಆ ರಂಧ್ರ ಗುಂಡಿನ ರಚನೆಯ ಮೇಲೆ ನಿಂತಿದೆ, ಮತ್ತು ಹಗುರ ಕೋವಿಯವನು ದುಡ್ಡು ಸುರಿಯಬೇಕಾದ್ದು ಇಲ್ಲಿ. 1946ರಲ್ಲಿ ಜಾನ್ ನೋಸ್ಲರ್ ಎಂಬಾತ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಒಂದಕ್ಕೆ ಗುಂಡು ಹೊಡೆದ. ಗುಂಡು ಚರ್ಮದ ಕೆಸರು, ಮಾಂಸಖಂಡಗಳಲ್ಲೇ ಚೂರಾಗಿ ಒಳಗೆ ಇಳಿಯಲಿಲ್ಲ. ಎರಡು ವರ್ಷದ ನಂತರ ಅವನು ಮಾರಾಟಕ್ಕಿಟ್ಟ ಪಾರ್ಟಿಷನ್ ಗುಂಡನ್ನು ಉದ್ದಕ್ಕೆ ಸೀಳಿ ನೋಡಿದರೆ ಮಧ್ಯದಲ್ಲಿ ತಾಮ್ರದ ಅಡ್ಡಗೋಡೆ ಕಾಣುತ್ತದೆ. ಗೋಡೆಯ ಮುಂದಿನ ಸೀಸ ಬಡಿದ ಕೂಡಲೇ ಅಣಬೆಯಂತೆ ಅರಳುತ್ತದೆ. ಹಿಂದಿನ ಅರ್ಧ ಗೋಡೆಯ ರಕ್ಷಣೆಯಲ್ಲಿ ಇಡಿಯಾಗಿ ಉಳಿದು ಒಳಕ್ಕೆ ನುಗ್ಗುತ್ತದೆ. ಆಮೇಲೆ ಸೀಸವನ್ನು ತಾಮ್ರದ ಕವಚಕ್ಕೆ ಬೆಸೆದ ಗುಂಡುಗಳು ಬಂದವು. 1989ರಲ್ಲಿ ಬಾರ್ನ್ಸ್ ಕಂಪನಿ ಸೀಸವೇ ಇಲ್ಲದ, ಇಡೀ ತಾಮ್ರದ ಗುಂಡು ತಂದಿತು. ಅದರ ಮೂತಿ ದಳದಳವಾಗಿ ಬಿಚ್ಚಿಕೊಳ್ಳುತ್ತದೆ, ತೂಕ ಹೆಚ್ಚೇನೂ ನಷ್ಟವಾಗುವುದಿಲ್ಲ. ಇಂಥ ಗಟ್ಟಿ ಗುಂಡಿದ್ದರೆ 140 ಗ್ರೇನ್, ಅಗ್ಗದ 180 ಗ್ರೇನ್ ಮಾಡಲಾಗದ ಕೆಲಸ ಮಾಡುತ್ತದೆ: ಭುಜದ ಮೂಳೆ ಒಡೆದು ಆಚೆ ಬದಿಗೆ ಹೊರಬೀಳುತ್ತದೆ.

ತಾಮ್ರಕ್ಕೆ ಇನ್ನೊಂದು ಕಾರಣವೂ ಇದೆ. ಬೇಟೆಗಾರರು ಬಿಟ್ಟುಹೋದ ಕರುಳು, ಮೂಳೆಗಳಲ್ಲಿ ಉಳಿದ ಸೀಸದ ಪುಡಿ ತಿಂದು ಹದ್ದು, ರಣಹದ್ದುಗಳು ಸಾಯುತ್ತವೆ. ಕ್ಯಾಲಿಫೋರ್ನಿಯಾ ಕಾಂಡರ್ ಹಕ್ಕಿಯನ್ನು ಉಳಿಸಲು ಹೆಣಗುತ್ತಿರುವ ಆ ರಾಜ್ಯ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ. ಡೈಕ್ಲೊಫೆನಾಕ್ ಮದ್ದಿನಿಂದ ರಣಹದ್ದುಗಳನ್ನು ಕಳೆದುಕೊಂಡ ನಮಗೆ ಇದರ ಗಂಭೀರತೆ ಬೇಗ ಅರ್ಥವಾಗುತ್ತದೆ. ಅದೇ ಮಾಂಸವನ್ನು ಮನೆಮಂದಿಯೂ ತಿನ್ನುವುದಲ್ಲವೇ?

ಹಗುರ ಕೋವಿಯ ಇನ್ನೊಂದು ದೋಷವನ್ನು ಮಾರುವವರು ಹೇಳುವುದಿಲ್ಲ. ಭಾರದ ಕೋವಿ ತನ್ನ ಜಡತ್ವದಿಂದಲೇ ಅರ್ಧ ನಿಶ್ಚಲವಾಗಿರುತ್ತದೆ. ಹಗುರದ್ದು ಎದೆಬಡಿತಕ್ಕೂ ಕುಣಿಯುತ್ತದೆ, ಗಾಳಿಗೂ ಓಲಾಡುತ್ತದೆ. ಅದೂ ಮೂರು ಸಾವಿರ ಮೀಟರಿನಲ್ಲಿ, ಉಬ್ಬಸ ಪಡುತ್ತಿರುವಾಗ ನಿಂತುಕೊಂಡು ಹೊಡೆಯುವ ಯೋಚನೆಯೇ ಬೇಡ. ಬೆನ್ನುಚೀಲ ಇಳಿಸಿ ಅದರ ಮೇಲೆ ಕೋವಿ ಊರಬೇಕು, ಇಲ್ಲವೇ ಕೂತು ಚಾರಣದ ಎರಡು ಕೋಲನ್ನು ಅಡ್ಡ ಕಟ್ಟಿ ಆಸರೆ ಮಾಡಿಕೊಳ್ಳಬೇಕು. ಈ ಕಾರಣಕ್ಕೇ, ಎಲ್ಲ ಕಡೆಯಿಂದಲೂ ಕೊರೆದ ಕೋವಿಗಿಂತ ನಳಿಗೆಯಲ್ಲಿ ತುಸು ಭಾರ ಉಳಿಸಿಕೊಂಡದ್ದು ಮೇಲು. ಎರಡು ಕಿಲೋಗೆ ಇಳಿಯುವ ಹಟ ನನಗೆ ಹಿಡಿಸದು. ದುರ್ಬೀನು, ಪಟ್ಟಿ ಎಲ್ಲ ಸೇರಿ ಮೂರು ಕಿಲೋ, ಹೆಚ್ಚೆಂದರೆ 3.3 ಕಿಲೋ ಇದ್ದರೆ ಹೊರಲೂ ಆದೀತು, ಹೊಡೆಯಲೂ ಆದೀತು. ಆ ತೂಕಕ್ಕೆ 7ಎಂಎಂ-08, .308, .270 ಹೊಂದುತ್ತವೆ. .30-06 ಮೇಲಿನ ಮಿತಿ, ಅದೂ ಗಟ್ಟಿ ರಚನೆಯ 165 ಗ್ರೇನ್ ಗುಂಡಿನ ಜೊತೆ. ಮ್ಯಾಗ್ನಮ್ ಬೇಕೇ ಬೇಕೆನ್ನುವವರು ನಾಲ್ಕು ಕಿಲೋ ಹೊರಲು ತಯಾರಿರಬೇಕು.

ದೂರದ ಮೋಹಕ್ಕೂ ಒಂದು ಮಾತು. ಇನ್ನೂರು ಗಜಕ್ಕೆ ಗುರಿ ಹೊಂದಿಸಿದ .30-06 ಮುನ್ನೂರು ಗಜದಲ್ಲಿ ಸುಮಾರು ಎಂಟೊಂಬತ್ತು ಅಂಗುಲ ಕೆಳಗೆ ಬೀಳುತ್ತದೆ, ನಾನೂರರಲ್ಲಿ ಎರಡು ಅಡಿ. ದೂರ ಅಳೆಯುವ ಯಂತ್ರಗಳು ಬಂದ ಮೇಲೆ ಈ ಇಳಿತ ದೊಡ್ಡ ಸಮಸ್ಯೆಯಲ್ಲ. ಕಡಿದಾದ ಇಳಿಜಾರಿನಲ್ಲಿ ಮೇಲಕ್ಕೋ ಕೆಳಕ್ಕೋ ಹೊಡೆಯುವಾಗ ನೇರ ದೂರದ ಬದಲು ಮಟ್ಟಸ ದೂರವನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದನ್ನೂ ಅವು ತಾವೇ ಮಾಡಿಕೊಡುತ್ತವೆ. ಗಾಳಿಯನ್ನು ಮಾತ್ರ ಯಾವ ಯಂತ್ರವೂ ಪೂರ್ತಿ ಅಳೆಯದು. ಹೊಡೆಯುವವನ ಹತ್ತಿರ ಒಂದು ಗಾಳಿ, ಕಣಿವೆಯ ನಡುವೆ ಇನ್ನೊಂದು, ಎಲ್ಕ್ ಬಳಿ ಮತ್ತೊಂದು. ನಾನೂರು ಗಜ ಕ್ರಮಿಸಲು ಗುಂಡಿಗೆ ಅರ್ಧ ಸೆಕೆಂಡು ಬೇಕು, ಅಷ್ಟರೊಳಗೆ ಮೇಯುವ ಎಲ್ಕ್ ಒಂದು ಹೆಜ್ಜೆ ಇಟ್ಟಿರುತ್ತದೆ. ಓಡಿ ಬಂದು, ಏದುಸಿರಿನಲ್ಲೇ ಕೂತು, ಊಟದ ತಟ್ಟೆಯಗಲದ ಗುರಿಗೆ ಹೊಡೆದ ಮೊದಲ ಗುಂಡು ಯಾವ ದೂರದವರೆಗೆ ತಪ್ಪದೆ ಬೀಳುತ್ತದೋ ಅದೇ ಆ ಮನುಷ್ಯನ ಮಿತಿ. ಹೆಚ್ಚಿನವರಿಗೆ ಅದು ಇನ್ನೂರೈವತ್ತು ಗಜದ ಒಳಗೇ ಮುಗಿಯುತ್ತದೆ. ಅಷ್ಟಕ್ಕೆ ಮೇಲೆ ಹೇಳಿದ ಯಾವ ತೋಟೆಯೂ ಧಾರಾಳ.

ಎಲ್ಕ್ ಬಿದ್ದ ಮೇಲೆ ತೂಕದ ಲೆಕ್ಕವೇ ತಲೆಕೆಳಗು. ಗಂಡು ಎಲ್ಕ್‌ನ ಒಂದು ಹಿಂದೊಡೆ ಮೂಳೆ ಸಮೇತ ಮೂವತ್ತು ಕಿಲೋ ಆಗಬಹುದು. ಇಂಥ ನಾಲ್ಕು ಕಾಲು, ಬೆನ್ನಿನ ಮಾಂಸ, ಕತ್ತು, ಕೊಂಬು ಎಲ್ಲವನ್ನೂ ಕುದುರೆಯಿಲ್ಲದವನು ನಾಲ್ಕೈದು ಸಲ ಹತ್ತಿಳಿದು ಸಾಗಿಸಬೇಕು. ನೂರು ಕಿಲೋ ಹೊರುವವನಿಗೆ ಕೋವಿಯ ಮುಕ್ಕಾಲು ಕಿಲೋ ಯಾವ ಲೆಕ್ಕ ಎಂದು ಕೇಳುವವರಿದ್ದಾರೆ. ಪ್ರಶ್ನೆ ಚೆನ್ನಾಗಿದೆ. ಆದರೆ ಕೊಲರಾಡೊದಲ್ಲಿ ಐವರಲ್ಲಿ ಹೆಚ್ಚುಕಡಿಮೆ ನಾಲ್ವರು ಬರಿಗೈಯಲ್ಲಿ ಮರಳುತ್ತಾರೆ. ಅವರು ಹೊತ್ತದ್ದು ಕೋವಿಯನ್ನು ಮಾತ್ರ.

ದೂರದ ಊರಿನಿಂದ ವಿಮಾನದಲ್ಲಿ ಬರುವವರಿಗೆ ಇನ್ನೆರಡು ಸಂಗತಿ. ಅಮೆರಿಕದ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ಐದು ಕಿಲೋ ತೋಟೆಗೆ ಅವಕಾಶ, ಕೋವಿ ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿರಬೇಕು. ತೋಟೆಯ ಚೀಲ ದಾರಿಯಲ್ಲಿ ಕಳೆದರೆ ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ .30-06, .270, .308 ಸಿಗುವ ಭರವಸೆ ಇಟ್ಟುಕೊಳ್ಳಬಹುದು. 7ಎಂಎಂ-08 ಸಿಕ್ಕರೆ ಅದೃಷ್ಟ. ಹೊಸ ಫ್ಯಾಷನ್ನಿನ ತೋಟೆಗಳ ಕಥೆ ಕೇಳಲೇಬೇಡಿ. ಬೆಟ್ಟ ಹತ್ತುವ ಹಿಂದಿನ ದಿನ ಗುರಿಕಟ್ಟೆಗೆ ಹೋಗಿ ದುರ್ಬೀನು ಅಲುಗಾಡಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಮೂರು ಗುಂಡು ಸಾಕು. ಸಣಕಲು ನಳಿಗೆ ಬೇಗ ಕಾಯುತ್ತದೆ, ಕಾದ ನಳಿಗೆಯ ಗುರಿ ಸರಿಯುತ್ತದೆ. ಆದ್ದರಿಂದ ಪ್ರತಿ ಈಡಿನ ನಂತರ ಕೋವಿಯನ್ನು ನೆರಳಿಗೆ ಒರಗಿಸಿ, ನಳಿಗೆ ಮುಟ್ಟಿ ತಣ್ಣಗಾಗಿದೆ ಎನಿಸಿದ ಮೇಲಷ್ಟೇ ಮುಂದಿನದನ್ನು ಹೊಡೆಯಬೇಕು. ಮೂರರಲ್ಲಿ ನಂಬಬೇಕಾದ್ದು ಮೊದಲನೆಯದನ್ನು, ಬೇಟೆಯಲ್ಲಿ ಹಾರುವುದು ತಣ್ಣನೆಯ ನಳಿಗೆಯ ಗುಂಡೇ.